ಕಾಲಿಗೆ ತಾಲೀಮು, ಮನಸ್ಸಿಗೆ ಬೈಗುಳ

ಸೈಕಲ್ ರೇಸಿನ ದಿನ ಬೆಳಗಾದರೆ ಸಾಕು, ಸರಿತಾ ವಾಂತಿ ಮಾಡುತ್ತಿದ್ದಳು. ಅಭ್ಯಾಸದಲ್ಲಿ ಸಾವಳಗಿಯಿಂದ ಜಮಖಂಡಿಯವರೆಗೆ ಹುಡುಗರನ್ನೂ ಹಿಂದೆ ಹಾಕುವ ಹುಡುಗಿ, ರೇಸಿನಲ್ಲಿ ಕೊನೆಗೆ ಬರುತ್ತಿದ್ದಳು. ಮನೆಯವರು ಏನು ಮಾಡಿದರು? ದೃಷ್ಟಿ ತೆಗೆದರು, ಮೆಣಸಿನಕಾಯಿ ಸುಟ್ಟರು, ಬಾದಾಮಿ ಹಾಲು ಕುಡಿಸಿದರು. "ಯಾಕ ಹೆದರತಿ ತಂಗಿ?" ಎಂದು ಒಬ್ಬರೂ ಕೇಳಲಿಲ್ಲ.

ನಾನು ವೈಶಾಲಿ, ಅವಳ ಶಾಲೆಯ ಆಟದ ಟೀಚರ್. ಇದು ಎರಡು ಸಾವಿರದ ಎಂಟರ ಮಾತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಸರಿತಾಳ ಅಪ್ಪ ಬಾಳೇಶ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್. ಪ್ರತಿ ರೇಸಿನಲ್ಲೂ ಮೋಟಾರ್‌ಸೈಕಲ್ ಹತ್ತಿ ಮಗಳ ಪಕ್ಕದಲ್ಲೇ ಹೋಗುತ್ತಿದ್ದ. "ಅಕಿ ಮುಂದ ಹ್ವಾದ್ಳು ನೋಡ! ತುಳಿ! ನನ್ನ ಮಾನ ಕಳೀಬ್ಯಾಡ!" ನಮ್ಮ ಕಡೆ ಇದಕ್ಕೆ ಹುರುಪು ಕೊಡುವುದು ಎನ್ನುತ್ತಾರೆ. ಎಂಥ ಹುರುಪು, ಮಣ್ಣು!

ಕ್ರೀಡಾ ಹಾಸ್ಟೆಲ್ ಆಯ್ಕೆಯ ರೇಸಿಗೆ ಎಂಟು ದಿನ ಉಳಿದಿತ್ತು. ಮೊದಲ ನಾಲ್ವರಿಗಷ್ಟೇ ಸೀಟು. "ಈ ಸಲ ಸೋತರ ಸೈಕಲ್ ಬಂದ್," ಎಂದು ಬಾಳೇಶ ಸಾರಿಬಿಟ್ಟಿದ್ದ. ನಾನು ಅವರ ಮನೆಗೇ ಹೋದೆ.

ಸರಿತಾ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಹಾಗೆ ಕೂರುವುದನ್ನು ಹೇಳಿಕೊಟ್ಟವಳು ನಾನೇ.

"ಇದೇನ್ರೀ ಟೀಚರ, ತುಳಿಯೂದು ಬಿಟ್ಟು ನಿದ್ದಿ ಹೊಡ್ಯಾಕತ್ತಾಳ?" ಎಂದ ಬಾಳೇಶ.

"ನಿದ್ದಿ ಅಲ್ರಿ. ಮನಸಿನ್ಯಾಗ ರೇಸ್ ಹೊಡ್ಯಾಕತ್ತಾಳ. ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ಜೋರ ತುಳೀಬೇಕು, ಎಲ್ಲಾ ಮೊದಲ ನೋಡಿಕೊಂಡ್ರ ಆ ದಿನ ಗಾಬರಿ ಕಡಿಮಿ. ಎದಿ ಢವಢವ ಅಂದ್ರ ನಾಲ್ಕ ಎಣಿಸಿ ಉಸರ ತಗೋಬೇಕು, ಆರ ಎಣಿಸಿ ಬಿಡಬೇಕು. ಹಿಂದ ಯಾರದಾರ ಅಂತ ನೋಡಬಾರದು. 'ಈಗ ಈ ಏರು ಅಷ್ಟ' ಅಂತ ತನಗ ತಾನ ಹೇಳಕೋಬೇಕು."

"ಹೆದರಿಕಿಗೂ ತಾಲೀಮೇನ್ರೀ? ಗಟ್ಟಿ ಇದ್ದವ್ರು ಹೆದರೂದಿಲ್ಲ."

ನನಗೆ ರೇಗಿತು. "ಬಾಳೇಶಣ್ಣಾ, ಎರಡ ಟ್ರಾಲಿ ಕಬ್ಬ ಹೇರಕೊಂಡು ನೀವು ಹಿಪ್ಪರಗಿ ಬ್ಯಾರೇಜ್ ದಾಟೂಮುಂದ, ನಾ ಬಾಜೂಕ ಕುಂತು 'ಬಿದ್ರಿ, ಬಿದ್ರಿ, ಮಾನ ಹೋತು' ಅಂತ ಒದರಿದ್ರ?"

"ಕೆಳಗ ದಬ್ಬತೇನ್ರಿ ನಿಮ್ಮನ್ನ!"

"ಹಂಗಾರ ಇಕಿ ನಿಮ್ಮನ್ನ ಎಲ್ಲಿ ದಬ್ಬಬೇಕು?"

ಅವನ ಅವ್ವ ಯಂಕವ್ವ ಒಳಗಿನಿಂದಲೇ ಕೂಗಿದಳು: "ಈಗ ಉತ್ತರಾ ಕೊಡೋ!"

ಸರಿತಾ ಕಣ್ಣು ತೆರೆದಳು. "ಅಪ್ಪಾ, ನಿನ್ನ ಗಾಡಿ ಸಪ್ಪಳ ಕೇಳಿದ್ರ ನನ್ನ ಕಾಲಾಗಿನ ಶಕ್ತಿನ ಹೋಗತೈತಿ."

ರೇಸಿನ ದಿನವೂ ಅವಳಿಗೆ ವಾಂತಿಯಾಯಿತು, ಸುಳ್ಳು ಯಾಕೆ ಹೇಳಲಿ? ಎಂಟೇ ದಿನಕ್ಕೆ ಎಲ್ಲ ಸರಿಹೋಗುವುದಿಲ್ಲ. ಆದರೆ ಬಾಯಿ ತೊಳೆದುಕೊಂಡು, ಉಸಿರು ಎಣಿಸಿ, ಸೈಕಲ್ ಹತ್ತಿದಳು. ಬಾಳೇಶ ಈ ಸಲ ಮೋಟಾರ್‌ಸೈಕಲ್ ಹತ್ತದೆ, ಕೂಗು ಹೊರಬಾರದಂತೆ ರಸ್ತೆ ಪಕ್ಕದಲ್ಲಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ.

ಸರಿತಾ ನಾಲ್ಕನೆಯವಳಾಗಿ ಬಂದಳು. ಸೀಟು ಸಿಕ್ಕಿತು.

"ನಾಲ್ಕನೇದು ಅಷ್ಟೇನೋ?" ಎಂದ ಯಾರೋ ಒಬ್ಬ.

"ಬಾಯಿ ಮುಚ್ಚಲೇ," ಎಂದ ಬಾಳೇಶ. "ಅಕಿ ತನ್ನ ಹೆದರಿಕೀನ, ನನ್ನ ಬಾಯೀನ ಹಿಂದ ಹಾಕಿ ಬಂದಾಳ, ಅದು ನಿನಗ ಗೊತ್ತಿಲ್ಲ."

ಕೇಳಿರಿ, ಅಪ್ಪ-ಅವ್ವಂದಿರೇ. ಕುಸ್ತಿಯಾಗಲಿ, ಖೋಖೋ ಆಗಲಿ, ದಿನಾ ಹತ್ತು ನಿಮಿಷ ಮಗುವಿನ ಮನಸ್ಸಿಗೂ ತಾಲೀಮು ಕೊಡಿಸಿ. ಹೆದರಿಕೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಗೆದ್ದರೆ ನನ್ನ ಮಗಳು, ಸೋತರೆ ನಿನ್ನ ಮಗಳು ಎನ್ನುವ ಆಟವನ್ನು ಇವತ್ತೇ ನಿಲ್ಲಿಸಿ. ನಿಮ್ಮ ಮಾನ ಹೊರುವುದು ಮಕ್ಕಳ ಕೆಲಸವಲ್ಲ.