ಬಾಗಿಲ ಹಿಂದಿನ ದನಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಊರಿಗೆ ಊರೇ ಕೆಮ್ಮುತ್ತದೆ. ವ್ಯಾಪಾರಿ ವಿರೂಪಾಕ್ಷಪ್ಪನ ಹಿತ್ತಲಲ್ಲೂ ಕೆಂಪು ರಾಶಿ ಬಿದ್ದಿತ್ತು. ಅದರ ಮಗ್ಗುಲಲ್ಲಿ ಗೋಣಿತಟ್ಟು ಹಾಸಿಕೊಂಡು ಗದಿಗೆವ್ವ ಒಬ್ಬಳೇ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳು ವಿರೂಪಾಕ್ಷಪ್ಪನ ಅಣ್ಣನ ಹೆಂಡತಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯವರು ಊಟಕ್ಕೆ, ಸೀರೆಗೆ ಕಡಿಮೆ ಮಾಡಿರಲಿಲ್ಲ. ಆದರೆ ದಿನವಿಡೀ ಕಾಯಿಯ ರಾಶಿಯ ಮುಂದೆ ಕೂತರೂ ಅವಳ ಬಾಯಿಂದ ಹಾಡಿನ ಒಂದು ಪದ ಹೊರಬರುತ್ತಿರಲಿಲ್ಲ.

ಹಿಂದೆ ಹಾಗಿರಲಿಲ್ಲ. ಓಣಿಯಲ್ಲಿ ಮದುವೆಯಿರಲಿ, ಬಸುರಿಗೆ ಸೀಮಂತದ ಕುಬಸವಿರಲಿ, ಸೋಬಾನ ಪದ ಹೇಳಲು ಗದಿಗೆವ್ವನೇ ಬೇಕಾಗಿತ್ತು. ಕುಂಕುಮ ಅಳಿಸಿದ ದಿನ ಆ ಕರೆ ನಿಂತಿತು. ಸೋಬಾನ ಮುತ್ತೈದೆಯ ಬಾಯಿಂದ ಬರಬೇಕು ಎಂಬುದು ಊರಿನ ರೀತಿ. ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಹಾಡು ಎಂದೂ ಯಾರೂ ಹೇಳಲಿಲ್ಲ. ಅವಳ ಜಾಗಕ್ಕೆ ನೆಗೆಣ್ಣಿ ಸಿದ್ದವ್ವ, ಅಂದರೆ ವಿರೂಪಾಕ್ಷಪ್ಪನ ಹೆಂಡತಿ, ಬಂದಳು. ಸಿದ್ದವ್ವನ ಕಂಠ ಇಂಪಾಗಿತ್ತು, ನೆನಪು ಮಾತ್ರ ಎರಡು ಸಾಲಿಗೇ ಸುಸ್ತಾಗುತ್ತಿತ್ತು. ಹೀಗಾಗಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಮುತ್ತೈದೆಯರು ಪಡಸಾಲೆಯಲ್ಲಿ ಕೂತು ಹಾಡುವರು. ಅಡುಗೆಮನೆಯ ಅರೆತೆರೆದ ಬಾಗಿಲ ಹಿಂದೆ ಗದಿಗೆವ್ವ ಕೂತು, ಸಣ್ಣ ದನಿಯಲ್ಲಿ ಮುಂದಿನ ಸಾಲು ಎತ್ತಿಕೊಡುವಳು. ಅದನ್ನು ಹಾಡು ಎಂದು ಯಾರೂ ಎಣಿಸುತ್ತಿರಲಿಲ್ಲ.

ಹಾವೇರಿಯ ಶಾಲೆಯೊಂದರ ಶಿಕ್ಷಕಿ ನಲಿನಿ ಈ ಮನೆಗೆ ಬಂದದ್ದು ಆ ಪದಗಳಿಗಾಗಿ. ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಸ್ಪೀಕರಿನ ಸಿನಿಮಾ ಹಾಡಿನ ಅಬ್ಬರಕ್ಕೆ ಮುದುಕಿಯರು ಅರ್ಧ ಪದಕ್ಕೇ ಬಾಯಿ ಮುಚ್ಚಿ ಕೂತದ್ದನ್ನು ಅವಳು ಕಂಡಿದ್ದಳು. ಹಳೆಯ ಸಂಸ್ಕೃತಿ ಉಳಿಸುವ ಕೆಲಸಕ್ಕೆ ಹಣ ಕೊಡುವ ವಿದೇಶದ ಸಂಸ್ಥೆಯೊಂದರ ಕಚೇರಿ ದಿಲ್ಲಿಯಲ್ಲಿದೆ ಎಂದು ತಿಳಿದಾಗ ಅರ್ಜಿ ಹಾಕಿದಳು. ಅನುದಾನ ಬಂದರೆ ಹಳ್ಳಿ ಹಳ್ಳಿ ತಿರುಗಿ, ಮುದುಕಿಯರು ಇರುವಾಗಲೇ ಅವರ ಪದಗಳನ್ನು ಟೇಪಿನಲ್ಲಿ ಉಳಿಸಿಕೊಳ್ಳಬಹುದಿತ್ತು. ಮಾದರಿಗೆಂದು ಸಿದ್ದವ್ವನ ಗುಂಪಿನ ಪದ ತುಂಬಿದ ಕ್ಯಾಸೆಟ್ ಕಳಿಸಿದ್ದಳು. ಅಂದು ಟೇಪ್ ರೆಕಾರ್ಡರಿನ ವೈರು ಗಿಡ್ಡವಾಗಿದ್ದರಿಂದ, ಅದನ್ನು ಅಡುಗೆಮನೆಯ ಬಾಗಿಲ ಬುಡದಲ್ಲೇ ಇಡಬೇಕಾಗಿ ಬಂದಿತ್ತು.

ಈಗ ದಿಲ್ಲಿಯಿಂದ ಉತ್ತರ ಬಂದಿತ್ತು. ನಲಿನಿ ಪಡಸಾಲೆಯಲ್ಲಿ ಕೂತು ಅದರ ಅರ್ಥ ಬಿಡಿಸಿ ಹೇಳಿದಳು. ಕ್ಯಾಸೆಟ್ಟಿನಲ್ಲಿ ಇನ್ನೊಂದು ದನಿ ಇದೆಯಂತೆ. ಪ್ರತಿ ನುಡಿಯಲ್ಲೂ ಅದು ಉಳಿದವರಿಗಿಂತ ಮೊದಲು ಬರುತ್ತದಂತೆ. ಆಕೆ ಯಾರು ಎಂದು ಕೇಳಿದ್ದರು. ಆಕೆ ಹಾಡಿದ್ದನ್ನು ಕಳಿಸಿದರೆ ಅರ್ಜಿಯನ್ನು ಮುಂದಕ್ಕೆ ಒಯ್ಯುವುದಾಗಿ ಬರೆದಿದ್ದರು.

ನೆರೆಮನೆಯ ಕಲ್ಲವ್ವ ಎಲೆಯಡಿಕೆ ಮೆಲ್ಲುತ್ತ ಅಲ್ಲೇ ಕೂತಿದ್ದಳು. “ದಿಲ್ಲಿಯವರಿಗೆ ಬ್ಯಾರೆ ಕೆಲಸಿಲ್ಲೇನ? ನಮ್ಮ ಅಡಗಿಮನಿಗೆ ಕಿವಿ ಹಚ್ಚಿ ಕುಂತಾರ,” ಎಂದಳು.

ಸಿದ್ದವ್ವ ಸೆರಗು ಸರಿಮಾಡಿಕೊಂಡು, “ನಮ್ಮಕ್ಕ ಪದಾ ನೆನಪು ಮಾಡಿಕೊಡತಾಳ್ರಿ ಟೀಚರ. ಅಷ್ಟ ಬರೀರಿ,” ಎಂದಳು.

ಮನೆಯವರ ಮನಸ್ಸು ಕೆಡಿಸುವುದು ನಲಿನಿಗೂ ಬೇಕಿರಲಿಲ್ಲ. ಬಾಗಿಲ ಹಿಂದಿನ ದನಿ ಅವಳಿಗೂ ಮೊದಲಿಂದ ಗೊತ್ತಿತ್ತು, ಅರ್ಜಿಯಲ್ಲಿ ಮಾತ್ರ ಅದನ್ನು ಬರೆದಿರಲಿಲ್ಲ. ಈಗ ಒಂದು ಉಪಾಯ ಸೂಚಿಸಿದಳು. ರವಿವಾರ ಗದಿಗೆವ್ವ ಹಾವೇರಿಗೆ ಬರಲಿ, ಖಾಲಿ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಲಿ, ಊರಿನ ಎದುರು ಹಾಡಿದಂತಾಗುವುದಿಲ್ಲ.

ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯಿತು. ಗದಿಗೆವ್ವ ಹೊಸ್ತಿಲ ಆಚೆಯೇ ನಿಂತು ಹೇಳಿದಳು:

“ಖಾಲಿ ಖೋಲ್ಯಾಗ ಕುಂತು ಸೋಬಾನ ಹೇಳಾಕ ಬರೂದಿಲ್ರಿ. ಸೋಬಾನ ಅಂದ್ರ ಮುಂದ ಒಬ್ಬಾಕಿ ಕುಂತಿರಬೇಕು, ಆಕೀ ಮಾರಿ ನೋಡಿ ಹಾಡೂದು. ಮತ್ತ ಸಿದ್ದವ್ವ, ಇನ್ನ ನಾ ಬಾಗಲಾ ಹಿಂದ ಕುಂದ್ರೂದಿಲ್ಲ. ಹಾಡಿದ್ರ ಎಲ್ಲಾರ ಮುಂದ. ಇಲ್ಲಾಂದ್ರ ಇಲ್ಲ.”

ದನಿ ಏರಿಸದೆ ಅಷ್ಟು ಹೇಳಿ ಅವಳು ಹಿತ್ತಲಿಗೆ ಹೋದಳು.

ಇಳಿಹೊತ್ತಿಗೆ ಸಿದ್ದವ್ವ ಅಲ್ಲಿಗೆ ಬಂದು, ಗೋಣಿತಟ್ಟಿನ ತುದಿಗೆ ಕೂತು ತಾನೂ ತೊಟ್ಟು ಬಿಡಿಸತೊಡಗಿದಳು.

“ಯಕ್ಕಾ, ನಾ ನಿನ್ನ ದೂರ ಇಟ್ಟೇನಿ ಅಂತ ತಿಳೀಬ್ಯಾಡ,” ಎಂದಳು ಕಡೆಗೆ. “ನೀಲವ್ವಗ ಎರಡು ಸಲ ಬಸರು ನಿಲ್ಲಲಿಲ್ಲ. ಈಗ ಹ್ಯಾಂಗೋ ಏಳು ತಿಂಗಳು ತುಂಬ್ಯಾವ, ಕುಬಸ ಮಾಡೂದೈತಿ. ನೀ ಮುಂದ ಕುಂತು ಹಾಡಿ, ನಾಳೆ ಏನರ ಆತಂದ್ರ ಮಂದಿ ಯಾರ ಮ್ಯಾಲೆ ಬೊಟ್ಟು ಮಾಡತಾರ ಹೇಳು. ನಿನ್ನ ಮ್ಯಾಲೆ. ಮಂದಿ ಹೋಗಲಿ, ನನಗ ಅಂಜಿಕಿ ಐತಿ.”

ಗದಿಗೆವ್ವನ ಕೈ ನಿಂತಿತು. ನೀಲವ್ವ ಸಿದ್ದವ್ವನ ಒಬ್ಬಳೇ ಮಗಳು. ಹಾಲು ಬಿಟ್ಟ ಮೇಲೆ ಅವಳು ಮಲಗಿದ್ದು, ಎದ್ದದ್ದು ಈ ದೊಡ್ಡವ್ವನ ಮಗ್ಗುಲಲ್ಲಿ.

“ನಿನ್ನ ಅಂಜಿಕಿ ತಪ್ಪು ಅಂತ ನಾ ಅನ್ನಂಗಿಲ್ಲ,” ಎಂದಳು ಗದಿಗೆವ್ವ. “ಆದ್ರ ಪದಾ ನನ್ನವು ನಿಮಗ ಬೇಕು, ನನ್ನ ಮಾರಿ ಬ್ಯಾಡ. ಅದು ಇನ್ನ ಆಗೂದಿಲ್ಲ.”

ಸಿದ್ದವ್ವ ಎದ್ದು ಒಳಗೆ ಹೋದಳು. ಮೆಣಸಿನ ಘಾಟಿಗೆ ಕಣ್ಣು ಉರಿದರೆ ಕೈಯಿಂದ ಒರೆಸಿಕೊಳ್ಳುವ ಹಾಗಿಲ್ಲ. ಗದಿಗೆವ್ವ ಕಣ್ಣು ಮುಚ್ಚಿ, ಉರಿ ತಾನಾಗಿ ಇಳಿಯುವವರೆಗೆ ಸುಮ್ಮನೆ ಕೂತಳು.

ಕುಬಸದ ದಿನ ನೀಲವ್ವ ಹಸಿರು ಸೀರೆ, ಹಸಿರು ಬಳೆ ತೊಟ್ಟು ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಳು. ಸುತ್ತ ಮುತ್ತೈದೆಯರು. ನಲಿನಿ ಈ ಸಲ ಟೇಪ್ ರೆಕಾರ್ಡರಿಗೆ ಸೆಲ್ ಹಾಕಿಕೊಂಡು ಬಂದಿದ್ದಳು, ಗದಿಗೆವ್ವ ಎಲ್ಲಿ ಕೂತು ಹಾಡಿದರೂ ಹಿಡಿಯಬಹುದೆಂಬ ಆಸೆಯಿಂದ. ಅಡುಗೆಮನೆಯ ಬಾಗಿಲ ಹಿಂದೆ ಯಾರೂ ಇರಲಿಲ್ಲ. ಸಿದ್ದವ್ವ ಪದ ಎತ್ತಿದಳು:

“ಅಂಗಳ ಬಳದೇವ, ರಂಗೋಲಿ ಬರದೇವ...”

ಎರಡನೆಯ ಸಾಲೂ ಬಂತು. ಮೂರನೆಯದಕ್ಕೆ ಅವಳ ಕಣ್ಣು ರೂಢಿಯಂತೆ ಬಾಗಿಲ ಕಡೆ ಹೋಯಿತು. ಅಲ್ಲಿಂದ ಏನೂ ಬರಲಿಲ್ಲ. ಒಬ್ಬಿಬ್ಬರು ಕೆಮ್ಮಿದರು. ಮೊದಲಿನಿಂದ ಮತ್ತೆ ಎತ್ತಿದರು, ಮತ್ತೆ ಅಲ್ಲಿಗೇ ನಿಂತರು. ಕಲ್ಲವ್ವ ಬೇರೆ ಯಾವುದಾದರೂ ಪದ ಹೇಳಿ ಮುಗಿಸಿರೆಂದಳು. ಸಾಲು ನೆನಪಾದೀತೆಂದು ನಲಿನಿ ದಿಲ್ಲಿಗೆ ಕಳಿಸಿದ್ದ ಕ್ಯಾಸೆಟ್ಟಿನ ತನ್ನ ಪ್ರತಿ ಹಾಕಿದಳು. ಎಲ್ಲರ ದನಿಗಿಂತ ಕೆಳಗೆ, ಎಲ್ಲರಿಗಿಂತ ಒಂದು ಗಳಿಗೆ ಮೊದಲು, ಆ ದನಿ ಬಂತು. ಅಡುಗೆಮನೆ ಮಾತ್ರ ಖಾಲಿಯಾಗಿತ್ತು.

ನೀಲವ್ವ ತಲೆಯೆತ್ತಿ ತಾಯಿಯನ್ನು ನೋಡಿದಳು.

“ಯವ್ವಾ, ಸಣ್ಣಾಕಿದ್ದಾಗ ಜ್ವರಾ ಬಂದ್ರ ಈ ದನಿ ಕೇಳಿನ ನಾ ನಿದ್ದಿ ಮಾಡತಿದ್ದೆ. ಈ ದನಿ ನನಗ ಕೆಟ್ಟ ಮಾಡತೈತೇನು?”

ಸಿದ್ದವ್ವ ಕೈಯ ಬಳೆ ತಿರುಗಿಸಿಕೊಂಡಳು. ಆಮೇಲೆ ಎದ್ದು, ಟೇಪ್ ರೆಕಾರ್ಡರನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, ಅಡುಗೆಮನೆಯ ಹೊಸ್ತಿಲು ದಾಟಿ ಹಿತ್ತಲಿಗೆ ನಡೆದಳು. ನೀಲವ್ವ ತನ್ನ ಮಣೆ ಎತ್ತಿಕೊಂಡು ಹಿಂದೆ ಹೋದಳು. ಕಲ್ಲವ್ವ ಚಪ್ಪಲಿ ಮೆಟ್ಟಿ ಮುಂಬಾಗಿಲಿಂದ ಹೊರಟಳು. ಸಿದ್ದವ್ವನಿಗೆ ಆ ಸಪ್ಪಳ ಕೇಳಿಸಿತು. ತಿರುಗಿ ಕರೆಯಲಿಲ್ಲ. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದರು.

ಗದಿಗೆವ್ವ ರಾಶಿಯ ಮುಂದಿನಿಂದ ಏಳಲಿಲ್ಲ. ಸಿದ್ದವ್ವ ಯಂತ್ರವನ್ನು ಅವಳೆದುರು ಇಟ್ಟು, ಚರಿಗೆಯಲ್ಲಿ ನೀರು ತಂದು ಅವಳ ಕೈಮೇಲೆ ಸುರಿದಳು. ನೀಲವ್ವ ಮಣೆ ಹಾಕಿಕೊಂಡು ದೊಡ್ಡವ್ವನ ಮುಖಕ್ಕೆ ಮುಖ ಕೊಟ್ಟು ಕೂತಳು.

“ಅಂಜಿಕಿ ಹೋತೇನು?” ಎಂದು ಗದಿಗೆವ್ವ ಕೇಳಿದಳು.

“ಇಲ್ಲ, ಇನ್ನೂ ಐತಿ,” ಎಂದಳು ಸಿದ್ದವ್ವ. “ನೀ ಹಾಡು.”

ನಲಿನಿ ಖಾಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಅದು ಸುಮ್ಮನೆ ತಿರುಗತೊಡಗಿತು. ಅಷ್ಟು ವರ್ಷ ಪಿಸುಮಾತಿಗೆ ಒಗ್ಗಿದ ಗಂಟಲು ಮೊದಲ ಸಾಲಿಗೆ ಒಡೆಯಿತು. ಗದಿಗೆವ್ವ ಚರಿಗೆಯಲ್ಲಿ ಉಳಿದ ನೀರು ಕುಡಿದು, ನೀಲವ್ವನ ಮುಖ ನೋಡಿ ಮತ್ತೆ ಎತ್ತಿದಳು:

“ಅಂಗಳ ಬಳದೇವ, ರಂಗೋಲಿ ಬರದೇವ,
ಹೊಸ್ತಿಲಿಗೆ ಹೂವ ಇಳಿಬಿಟ್ಟು, ನನ ಕಂದ,
ಹೊರಗ್ಯಾಕ ನಿಂತಿ ಒಳಗ ಬಾ.”

ಸಿದ್ದವ್ವ ಅವಳ ಮಗ್ಗುಲಲ್ಲೇ ನೆಲಕ್ಕೆ ಕೂತಳು. ಈ ಸಲ ಅವಳ ದನಿ ಹಿಂದಿನಿಂದ ಬಂತು, ಒಂದೊಂದೇ ಸಾಲನ್ನು ಅಕ್ಕನಿಂದ ಇಸಿದುಕೊಳ್ಳುತ್ತ.