ಹೆಪ್ಪಿಗೆ ಬಂದ ಬೆಕ್ಕು

ಮಷಿನ್ನಿನ ಮ್ಯಾಲ ನಂಗ ಸಿಟ್ಟಿಲ್ಲ, ಮೊದಲ ಹೇಳಿಬಿಡ್ತೀನಿ. ಅದು ಪಾಪ, ಪ್ಲಗ್ ಹಾಕಿದ್ರ ಬೆಚ್ಚಗಾಗತೈತಿ, ತಗದ್ರ ತಣ್ಣಗಾಗತೈತಿ. ನನ್ನ ಸಿಟ್ಟೆಲ್ಲಾ ನಮ್ಮ ಮನಿಯವರ ಮ್ಯಾಲ. ನನ್ನ ಗಂಡ ಗುರುಸಿದ್ದಪ್ಪನವರು ಸರಕಾರಿ ಕಾರ್ಖಾನ್ಯಾಗ ಆಯುಷ್ಯವೆಲ್ಲಾ ಇನ್‌ಸ್ಪೆಕ್ಷನ್ ಮಾಡಿ ರಿಟೈರ್ ಆದವರು. ಮನುಷ್ಯಾರು ಹೇಳಿದ್ದಕ್ಕ ಸಾಕ್ಷಿ ಕೇಳ್ತಾರ, ಮಷಿನ್ ಅಂದ್ರ ಮಾತ್ರ ಕಣ್ಣು ಮುಚ್ಚಿ ನಂಬ್ತಾರ.

ಆ ಮೊಸರಿನ ಮಷಿನ್ ನಮ್ಮ ಮನಿಗೆ ಬಂದದ್ದು ಒಂದು ಜಾಕೀಟಿನ ಸಲುವಾಗಿ. ಆಗ ಹೈದರಾಬಾದಿನಾಗ ಎಲ್ಲಿ ನೋಡಿದ್ರೂ ಸಾಫ್ಟ್‌ವೇರಿನ ಮಾತು. ಗಚ್ಚಿಬೌಲಿ ಕಡೆ ಬಂಡಿಗಲ್ಲು ಒಡದು ಒಡದು ಗಾಜಿನ ಬಿಲ್ಡಿಂಗು ಏಳಾಕತ್ತಿದ್ದವು. ನಮ್ಮ ಮಗ ನಿತಿನಗೂ ಅದರಾಗ ಒಂದು ಕುರ್ಚಿ ಸಿಕ್ಕಿತ್ತು. ಕಂಪನಿಯವರು ಎಲ್ಲಾರಿಗೂ ಒಂದೊಂದು ದಪ್ಪ ಜಾಕೀಟು ಕೊಟ್ಟಿದ್ರು, ಎದಿ ಮ್ಯಾಲ ಕಂಪನಿ ಹೆಸರು. ಚಳಿಗಾಲದಾಗ ಮೊಸರಿನ ಗಡಿಗಿಗೆ ಅದಕ್ಕಿಂತ ಛಲೋ ಹೊದಿಕಿ ಇಲ್ಲ ಅನ್ನೂದು ನಂಗ ಲಗೂನ ತಿಳೀತು. ಹಾಲಿಗೆ ಹೆಪ್ಪು ಹಾಕಿ, ಗಡಿಗಿಗೆ ಜಾಕೀಟು ತೊಡಿಸಿ, ಕುತಗಿ ತನಕ ಚೈನು ಎಳದು, ಅಕ್ಕಿ ಡಬ್ಬಿ ಬಾಜೂಕ ಇಡ್ತಿದ್ದೆ. ಮೊಸರು ಕಲ್ಲಿನಂಗ ಗಟ್ಟಿ ಆಗ್ತಿತ್ತು. ನಿತಿನ ಎಸಿ ಆಫೀಸಿನಾಗ ನಡಗತಿದ್ದ.

ಒಂದಿನ ಜಾಕೀಟು ಹಾಕ್ಕೊಂಡು ಹೋದ್ರ, ಬಾಜೂ ಕುರ್ಚಿಯವ ಮೂಗು ಏರಿಸಿ, ಇಲ್ಲೆ ಯಾರೋ ಮಜ್ಜಿಗಿ ಚೆಲ್ಯಾರ ನೋಡು ಅಂದನಂತ. ಮರುದಿನ ನಿತಿನ ಕೋಠಿ ಫುಟ್‌ಪಾತಿನಾಗ ಅಗ್ಗಕ್ಕ ಸಿಕ್ಕಿತು ಅಂತ ಈ ಮಷಿನ್ ತಂದು ನನ್ನ ಮುಂದಿಟ್ಟ.

"ಅವ್ವಾ, ಇದನ್ನ ತಗೋ, ನನ್ನ ಜಾಕೀಟು ಕೊಡು" ಅಂದ.

ಗುಂಡನ ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಳಗ ಸಣ್ಣ ಸಣ್ಣ ಗಾಜಿನ ಕಪ್ಪು, ಒಂದೊಂದಕ್ಕೂ ಟೊಪಗಿ ಇಟ್ಟಂಗ ಮುಚ್ಚಳ. ಇದರಾಗ ಮೊಸರು ಮಾಡೂದೋ ಕೂಸಿಗೆ ಔಷಧ ಕುಡಿಸೂದೋ ಅಂತ ಕೇಳಿ, ಒಯ್ದು ಫ್ರಿಜ್ಜಿನ ಮ್ಯಾಲ ಇಟ್ಟುಬಿಟ್ಟೆ. ನಮ್ಮ ಮನಿಯವರು ಮಾತ್ರ ಹೋಗ್ತಾ ಬರ್ತಾ ಅದರ ಮಾರಿ ನೋಡವರು.

ನನ್ನ ಹೆಪ್ಪಿನ ಸುದ್ದಿ ಈಗ ಹೇಳಬೇಕು, ಇಲ್ಲಾಂದ್ರ ನನ್ನ ಸಂಕಟ ನಿಮಗ ತಿಳಿಯಂಗಿಲ್ಲ. ನಾ ಮದುವಿ ಆಗಿ ಲಿಂಗಸುಗೂರಿನಿಂದ ಹೈದರಾಬಾದಿಗೆ ಹೊಂಟಾಗ, ನಮ್ಮವ್ವ ಹಂಪಮ್ಮ ಸ್ಟೀಲಿನ ಡಬ್ಬ್ಯಾಗ ತನ್ನ ಗಡಿಗಿ ಮೊಸರು ಹಾಕಿ ನನ್ನ ತೊಡಿ ಮ್ಯಾಲ ಇಟ್ಟಿದ್ದಳು. ಬಸ್ಸಿನ ಕುಲುಕಾಟಕ್ಕ ಅರ್ಧ ಮೊಸರು ಹೊಸಾ ಸೀರಿಗೆ ಆತು. ಉಳದ ಅರ್ಧ ಹೆಪ್ಪಾತು. ಇವತ್ತಿನ ಹಾಲಿಗೆ ನಿನ್ನಿ ಮೊಸರು, ನಾಳಿ ಹಾಲಿಗೆ ಇವತ್ತಿಂದು, ಹಿಂಗ ಒಂದಿನ ತಪ್ಪದಂಗ ನಡಸಿಕೊಂಡು ಬಂದಿದ್ದೆ. ಊರಿಗೆ ಹೋದ್ರೂ ಡಬ್ಬ್ಯಾಗ ಹಾಕ್ಕೊಂಡು ಒಯ್ಯತಿದ್ದೆ. ಅವ್ವ ತೀರಿಕೊಂಡು ಭಾಳ ವರ್ಷ ಆತು. ಅವಳ ಸೀರಿ ಕೌದಿ ಆದವು, ಕೌದಿನೂ ಹರದುಹೋದವು. ಅವಳ ಕೈಯಿಂದು ಅಂತ ಉಳದದ್ದು ಆ ಹೆಪ್ಪು ಒಂದ. ಒಂದು ಬೆರಳು ಮೊಸರು ಬಾಯಾಗ ಇಟ್ರ, ಅವ್ವ ಅಡಗಿ ಮನ್ಯಾಗ ಇಲ್ಲೇ ಎಲ್ಲೋ ಅದಾಳ ಅನಸ್ತಿತ್ತು.

ಅದ ಹೆಪ್ಪು ಎದುರು ಮನಿ ವಿಶಾಲಾಕ್ಷಿಗೂ ಕೊಟ್ಟಿದ್ದೆ. ಆಕಿ ಗಂಡ ನರಹರಿಯವರೂ ನಮ್ಮವರ ಕಾರ್ಖಾನಿಯವರ. ಹೊಸದಾಗಿ ಸಂಸಾರ ಹೂಡಿದಾಗ, "ವನಜಕ್ಕಾರ, ನನ್ನ ಮೊಸರು ನೀರು ನೀರು ಆಗತೈತ್ರಿ" ಅಂತ ಅಳೂ ಮಾರಿ ಮಾಡಿಕೊಂಡು ಬಾಗಿಲಾಗ ನಿಂತಿದ್ದಳು. ಒಂದು ಹಿತ್ತಾಳಿ ಬಟ್ಟಲಾಗ ಕೊಟ್ಟು ಕಳಿಸಿದ್ದೆ. ಬಟ್ಟಲ ತಿರುಗಿ ಕೊಟ್ಟಿರಲಿಲ್ಲ, ನಾ ಕೇಳಿರಲಿಲ್ಲ, ಅಷ್ಟು ಸಲಿಗಿ ಇತ್ತು.

ಆ ಸಲಿಗಿ ಕೆಟ್ಟದ್ದು ಎಳ್ಳಮಾಸಿ, ಅಂದ್ರ ಎಳ್ಳ ಅಮಾವಾಸ್ಯಿ ದಿನ. ನಮ್ಮ ಕಡೆ ಎಳ್ಳಮಾಸಿಗೆ ಹೊಲಕ್ಕ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಿ, ಅಲ್ಲೇ ಕುಂತು ಉಣ್ಣೂದು ಪದ್ಧತಿ. ಹೈದರಾಬಾದಿನಾಗ ಹೊಲ ಎಲ್ಲಿಂದ ತರೂದು? ನಮ್ಮ ಕಾಲೋನಿಯ ಕನ್ನಡ ಮಂದಿ ಎಲ್ಲಾ ಕೂಡಿ ಹಿಂದಿನ ಪಾರ್ಕಿಗೆ ಹೋಗತೀವಿ. ಮಾಲಿ ಬೈದ್ರೂ ಕೇಳದಂಗ ಕ್ರೋಟನ್ ಗಿಡಕ್ಕ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಹಸಿ ಕಾಳಿನ ಭಜ್ಜಿ ಪಲ್ಯ, ಮೊಸರು ಬುತ್ತಿ ಉಂಡು ಬರತೀವಿ. ಮೊಸರನ್ನದ ಬುತ್ತಿ ಯಾವಾಗಲೂ ನಂದ. ಮಷಿನ್ ಬರೂ ಹಿಂದಿನ ವರ್ಷ ಎಲ್ಲಾರ ಮುಂದ ಈ ವಿಶಾಲಾಕ್ಷಿ ಒಂದು ತುತ್ತು ಬಾಯಾಗ ಇಟ್ಟು, "ಅಕ್ಕಾರ, ಈ ಸಲ ಸ್ವಲ್ಪ ಹುಳಿ ಆಗೇತಲ್ರಿ" ಅಂದಳು. ನನ್ನ ಹೆಪ್ಪಿನಿಂದ ಮೊಸರು ಕಲತಾಕಿ ನನ್ನ ಬುತ್ತಿಗೆ ಹುಳಿ ಅಂದಳು. ಅವತ್ತಿನಿಂದ ಮಾತು ಬಂದ್. ಬಾಗಿಲಾಗ ಎದುರಾದ್ರ ನಾ ಮ್ಯಾಲಿನ ಬಲ್ಬು ನೋಡತಿದ್ದೆ, ಆಕಿ ಕೆಳಗಿನ ಚಪ್ಪಲಿ ನೋಡತಿದ್ದಳು. ಮರುವರ್ಷ ಆಕಿನೂ ಬುತ್ತಿ ತರ್ತಾಳ ಅಂತ ಸುದ್ದಿ ಹಬ್ಬಿತ್ತು.

ಎಳ್ಳಮಾಸಿ ಹಿಂದಿನ ದಿನ ಭಜ್ಜಿಗೆ ಹಸಿ ಕಡ್ಲಿ, ಅವರಿಕಾಯಿ ತರಾಕ ಸನತ್‌ನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಬಸ್ಸಿನ ಗದ್ದಲದಾಗ ತಿರುಗಿ ಬರೂದ್ರಾಗ ಹೊತ್ತು ಮುಣಗಿತ್ತು. ಕಾಲು ತೊಳಕೊಂಡು ಮೊದಲ ದೇವರ ದೀಪ ಹಚ್ಚಿದೆ. ಎದುರು ಮನ್ಯಾಗೂ ಘಂಟಿ ಬಾರಿಸಿದ ಸಪ್ಪಳ ಕೇಳಿಸ್ತು. ಆಮ್ಯಾಲ ಅಡಗಿ ಮನಿಗೆ ಹೋದೆ.

ಕಟ್ಟಿ ಮ್ಯಾಲ ಮಷಿನ್ ಕೆಂಪು ಲೈಟು ಹಚ್ಚಿಕೊಂಡು ಕುಂತಿತ್ತು. ಅದರ ಬಾಜೂಕ ನಮ್ಮ ಮನಿಯವರು, ಮುಖದ ತುಂಬ ನಗಿ. ಅವರ ಹಿಂದ ನನ್ನ ಮೊಸರಿನ ಗಡಿಗಿ, ತಿಕ್ಕಿ, ತೊಳದು, ಬೋರಲ ಹಾಕಿದ್ದು.

"ಗಡಿಗ್ಯಾಗಿನ ಮೊಸರು ಎಲ್ಲೆ?" ಅಂದೆ.

"ಮಧ್ಯಾಹ್ನ ರೊಟ್ಟಿ ಜೋಡಿ ಉಂಡೆ. ತಳದಾಗ ಸ್ವಲ್ಪ ಇತ್ತಲ್ಲ, ಅದನ್ನ. ಆಮ್ಯಾಲ ಸೋಪು ಹಚ್ಚಿ ತಿಕ್ಕಿಬಿಟ್ಟೆ. ಎಷ್ಟು ವರ್ಷದ ಜಿಡ್ಡು ಇತ್ತು ಗೊತ್ತೇನು ನಿಂಗ?"

"ಹೆಪ್ಪು?"

"ಇನ್ನ ಹೆಪ್ಪಿನ ಹಂಗ್ಯಾಕ? ಹಾಲು ಹಾಕಿ ಬಟನ್ ಒತ್ತೇನಿ. ಅಟೋಮ್ಯಾಟಿಕ್ ಐತಿ."

ಮಷಿನ್ ಬಂದ ರಟ್ಟಿನ ಡಬ್ಬಿ ತಂದು ತೋರಿಸಿದ್ರು. ಅದರ ಮ್ಯಾಲ ಚೀನಾದ ಅಕ್ಷರ, ಒಂದು ಆಕಳ ಚಿತ್ರ, ಒಂದು ಬಾಣ, ಒಂದು ಕಪ್ಪಿನ ಚಿತ್ರ. ನಡುವ ಮತ್ತೇನೂ ಇಲ್ಲ. ಮಧ್ಯಾಹ್ನದಿಂದ ಆ ಬಾಣ ನಂಬಿಕೊಂಡು ಕುಂತಿದ್ರು ಇವರು. ಮುಚ್ಚಳ ತಗದು ನೋಡಿದೆ. ಬಿಸಿ ಹಾಲು ಬಿಸಿ ಹಾಲಾಗಿಯ ಇತ್ತು.

"ಇನ್ನೊಂದು ಸ್ವಲ್ಪ ಟೈಮ್ ಕೊಡು ಅದಕ್ಕ" ಅಂದ್ರು.

"ಮುಂದಿನ ಎಳ್ಳಮಾಸಿ ತನಕ ಕೊಟ್ರೂ ಅದು ಹಾಲ" ಅಂದೆ.

"ಹಂಗಾದ್ರ ಕೆಳಗ ಕಿರಾಣಿ ಅಂಗಡ್ಯಾಗ ಪ್ಯಾಕೆಟ್ ಮೊಸರು ತರ್ತೀನಿ. ಒಂದು ಚಮಚಾ ಹಾಕಿದ್ರಾತು. ಮೊಸರು ಮೊಸರ ಅಲ್ಲೇನು?"

ಅಲ್ಲೇ ನೆಲಕ್ಕ ಕುಂತೆ.

"ನಮ್ಮವ್ವನ್ನ ಉಂಡುಬಿಟ್ರಲ್ರಿ" ಅಂದೆ.

ಅವರ ನಗಿ ಹೋತು. ಎಷ್ಟೋ ವರ್ಷದಿಂದ ಆ ಮೊಸರು ಉಂಡ ಮನುಷ್ಯಾ, ಅದು ಎಲ್ಲಿಂದ ಬಂತು ಅನ್ನೂದು ಅವಾಗ ನೆನಪಾಗಿರಬೇಕು. ಗಡಿಗಿ ಎತ್ತಿ ಒಳಗ ಹಣಿಕಿ ಹಾಕಿದ್ರು, ಮೂಲ್ಯಾಗ ಎಲ್ಲೆರ ಒಂದು ಹನಿ ಉಳದೈತೇನು ಅಂತ. ಸೋಪಿನ ವಾಸನಿ ಬಿಟ್ರ ಏನಿಲ್ಲ. ಆಮ್ಯಾಲ ಸಣ್ಣ ದನಿಲೆ, "ಎದುರು ಮನ್ಯಾಗ ಐತಲ್ಲ" ಅಂದ್ರು.

ಇರೂದು ನಂಗೂ ಗೊತ್ತಿತ್ತು. ಇಡೀ ಹೈದರಾಬಾದಿನಾಗ ಅವ್ವನ ಹೆಪ್ಪು ಉಳದದ್ದು ಆ ಒಂದು ಮನ್ಯಾಗ. ಆದ್ರ ದೀಪ ಹಚ್ಚಿದ ಮ್ಯಾಲ ಹಾಲು, ಮೊಸರು, ಉಪ್ಪು ಮನಿ ಬಿಟ್ಟು ಕೊಡಂಗಿಲ್ಲ, ಲಕ್ಷ್ಮಿ ಅವುಗಳ ಜೋಡಿ ಹೊಂಟುಬಿಡ್ತಾಳ. ಈ ನೇಮ ನಮ್ಮ ಬಿಲ್ಡಿಂಗಿನ ಎಲ್ಲಾ ಮನಿಗೂ ಕಲಿಸಿದಾಕಿ ನಾನ. ಮ್ಯಾಲಿನ ಮನಿ ತೆಲುಗು ಹುಡುಗಿ ಒಂದು ಸಂಜಿ ಬಟ್ಟಲಾ ಹಿಡಕೊಂಡು ಬಂದಾಗ, ದೀಪ ತೋರಿಸಿ ತಿರುಗಿ ಕಳಿಸಿದ್ದೆ. ವಿಶಾಲಾಕ್ಷಿ ಅವತ್ತು ನನ್ನ ಬಾಜೂಕ ನಿಂತು ಗೋಣು ಹಾಕಿದ್ದಳು. ಮುಂಜಾನಿ ತನಕ ತಡದ್ರ ಹೆಪ್ಪು ಸಿಗತಿತ್ತು ಖರೆ, ಆದ್ರ ಎಳ್ಳಮಾಸಿ ಬುತ್ತಿಗೆ ಮೊಸರು ಎಲ್ಲಿಂದ ಬರಬೇಕು? ಅಷ್ಟ ಅಲ್ಲ, ಆ ರಾತ್ರಿ ಅವ್ವ ಇಲ್ಲದ ಮನ್ಯಾಗ ಮಲಗೂದು ನನ್ನ ಕೈಲೆ ಆಗತಿರಲಿಲ್ಲ.

ಬಟ್ಟಲಾ ಸೆರಗಿನಾಗ ಮುಚ್ಚಿಕೊಂಡು ಹೋಗಿ ಬಾಗಿಲಾ ಬಡದೆ. ಇವರೂ ಹಿಂದ ಬಂದು ನಿಂತ್ರು, ತಪ್ಪು ಮಾಡಿದ ಹುಡುಗರು ಹೆಡ್‌ಮಾಸ್ತರ ಮುಂದ ನಿಂತಂಗ.

ವಿಶಾಲಾಕ್ಷಿ ಬಾಗಿಲಾ ತಗದಳು. ನಾ ಬಲ್ಬು ನೋಡಲಿಲ್ಲ, ಆಕಿ ಚಪ್ಪಲಿ ನೋಡಲಿಲ್ಲ.

"ನಮ್ಮ ಹೆಪ್ಪು ಹೋತು" ಅಂದೆ. "ಇವರು ಗಡಿಗಿ ತಿಕ್ಕಿಬಿಟ್ರು."

ಆಕಿ ಇವರ ಮಾರಿ ನೋಡಿದಳು. ಇವರು ನೆಲ ನೋಡಿದ್ರು.

"ಅವ್ವನ ಹೆಪ್ಪು?" ಅಂದಳು.

ಗೋಣು ಹಾಕಿದೆ. ಆಕಿ ಕಣ್ಣು ನನ್ನ ಸೆರಗಿನಾಗಿನ ಬಟ್ಟಲಿಗೆ ಹೋತು, ಅಲ್ಲಿಂದ ತನ್ನ ದೇವರ ಮನಿ ದೀಪಕ್ಕ ಹೋತು.

"ದೀಪ ಹಚ್ಚೇನ್ರಿ" ಅಂದಳು. "ನನ್ನ ಕೈಲೆ ಎತ್ತಿ ಕೊಡಂಗಿಲ್ಲ. ನೀವ ಕಲಿಸಿದ್ದು."

"ಹೌದು" ಅಂದೆ. ತಿರುಗಿ ಹೊಂಟೆ. ಖರೆ ಹೇಳ್ತೀನಿ, ಆಕಿ ಮ್ಯಾಲ ಸಿಟ್ಟು ಬರಲಿಲ್ಲ. ನಾ ಇದ್ರೂ ಹಂಗ ಅಂತಿದ್ದೆ.

"ಆದ್ರ ಒಂದು ಬೆಕ್ಕು ಬರತೈತ್ರಿ ನಮ್ಮ ಮನಿಗೆ" ಅಂದಳು ವಿಶಾಲಾಕ್ಷಿ ಹಿಂದಿನಿಂದ. ದನಿ ಜೋರ ಮಾಡಿ, ಯಾರಿಗೋ ದೂರು ಹೇಳಿದಂಗ. "ಭಾಳ ಕಾಟ ಅದರದು. ನಾ ಪೂಜಿಗೆ ಕುಂತಾಗ ನೋಡಿ ಬರತೈತಿ. ಮೊಸರು ಕಟ್ಟಿ ಮ್ಯಾಲ ಎಡಗಡೆ ಇರತೈತಿ, ಬೆಕ್ಕಿಗೆ ಅದೂ ಗೊತ್ತು. ಈಗ ನಾ ಪೂಜಿಗೆ ಕುಂದರತೀನಿ. ಬಾಗಿಲಾ ಹಾಕೂದು ಮರತೀನೇನೋ."

ದೇವರ ಮುಂದ ಹೋಗಿ, ನಮಗ ಬೆನ್ನು ಮಾಡಿ ಕುಂತು ಮಂತ್ರ ಸುರು ಮಾಡಿದಳು.

ನಾ ಇವರ ಮಾರಿ ನೋಡಿದೆ. "ನಡಿ ನಡಿ" ಅಂತ ಪಿಸುಗುಟ್ಟಿದ್ರು, "ನಾ ಇಲ್ಲೆ ಕಾವಲು ನಿಂದರತೀನಿ." ಮೊಸರು ಉಂಡವರು ಕಾವಲು, ಮೊಸರು ಕಳಕೊಂಡಾಕಿ ಕಳ್ಳಿ. ಈ ವಯಸ್ಸಿನಾಗ, ಮಂಡಿ ನೋವಿನ ಜೋಡಿ, ಬಳಿ ಸಪ್ಪಳ ಆಗದಂಗ ಹಿಡಕೊಂಡು ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟು ಹೋದೆ.

ಕಟ್ಟಿ ಮ್ಯಾಲ ಎಡಗಡೆ ನನ್ನ ಹಿತ್ತಾಳಿ ಬಟ್ಟಲಾನ ಇತ್ತು. ಆಕಿ ಹೆಪ್ಪಿನ ಮೊಸರು ಅದರಾಗ ಬ್ಯಾರೆನ ಇಡ್ತಿದ್ದಳು, ಇಷ್ಟು ವರ್ಷ. ಮುಚ್ಚಳ ಸರಿಸಿ, ಒಂದು ಬೆರಳು ಅದ್ದಿ ಬಾಯಾಗ ಇಟ್ಟೆ. ಅವ್ವ ಅಲ್ಲಿದ್ದಳು. ಒಂದು ಮನ್ಯಾಗ ಇಲ್ಲ ಅಂತ ಇನ್ನೊಂದು ಮನ್ಯಾಗ ಹೋಗಿ ಕುಂತಿದ್ದಳು. ನಂಗ ಅಳು ತಡಿಯಾಕ ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡ್ರೂ ಸಪ್ಪಳ ಆತು. ದೇವರ ಮನ್ಯಾಗ ಮಂತ್ರ ನಿಂತಿತು.

ನಾ ಲಗುಲಗು ಒಂದು ಚಮಚಾ ತಗೊಂಡು ನನ್ನ ಬಟ್ಟಲಿಗೆ ಹಾಕ್ಕೊಂಡು ಬಾಗಿಲಿಗೆ ಬಂದೆ.

"ಏ ಬೆಕ್ಕ" ಅಂದಳು ವಿಶಾಲಾಕ್ಷಿ, ತಿರುಗಿ ನೋಡದ. "ಮುಚ್ಚಳಾ ಮುಚ್ಚಿ ಹೋಗು."

ತಿರುಗಿ ಹೋಗಿ ಮುಚ್ಚಿ ಬಂದೆ.

ಮನ್ಯಾಗ ಹೊಸಾ ಹಾಲು ಕಾಸಿದೆ. ಗಡಿಗಿ ಸೋಪು ನಾರತಿತ್ತು, ಜಾಕೀಟು ನಿತಿನನ ಜೋಡಿ ರಾತ್ರಿ ಪಾಳಿಗೆ ಗಚ್ಚಿಬೌಲಿಗೆ ಹೋಗಿತ್ತು, ಚಳಿ ಹೊರಗ ಹಲ್ಲು ಕಡಿಯೂವಂಗಿತ್ತು. ಬ್ಯಾರೆ ದಾರಿ ಇರಲಿಲ್ಲ. ಕಪ್ಪು ತೊಳದು, ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಕಲಸಿ ಹಾಕಿ, ಮಷಿನ್ನಿಗೆ ಕೈ ಮುಗದು ಬಟನ್ ಒತ್ತಿದೆ. "ಕೈ ಮುಗಿಯೂದು ಬ್ಯಾಡ, ಅಟೋಮ್ಯಾಟಿಕ್ ಐತಿ" ಅಂದ್ರು ಇವರು. ನಾ ನೋಡಿದ ನೋಟಕ್ಕ ಹಿಂದ ಸರದ್ರು.

ಮುಂಜಾನಿ ಎಲ್ಲಾ ಕಪ್ಪಿನಾಗೂ ಮೊಸರು ಗಟ್ಟಿಯಾಗಿ ಕುಂತಿತ್ತು. ಓರೆ ಮಾಡಿದ್ರೂ ಅಲುಗಾಡಲಿಲ್ಲ. ಮೊದಲ ಒಂದು ಕಪ್ಪು ಹೆಪ್ಪಿಗಂತ ತಗದು, ನಮ್ಮ ಮನಿಯವರ ಕೈ ಹತ್ತದಂಗ ಮ್ಯಾಲಿನ ಮಾಡದಾಗ ಇಟ್ಟೆ. "ನೋಡ್ದಿ? ಮಷಿನ್ ಅಂದ್ರ ಮಷಿನ್" ಅಂತ ಇವರು ಮೆಟ್ಟಲ ಮ್ಯಾಲ ಎಲ್ಲಾರಿಗೂ ಹೇಳಿ ಬಂದ್ರು. ಹೇಳಿ ಬರೂಮುಂದ ಒಂದು ಸುದ್ದಿನೂ ತಂದ್ರು. ವಿಶಾಲಾಕ್ಷಿ ಬುತ್ತಿಗಂತ ಹೆಪ್ಪು ಹಾಕಿಟ್ಟ ದೊಡ್ಡ ಪಾತೇಲಿ ಹಾಲು ಚಳಿಗೆ ಹೆಪ್ಪಾಗಿಲ್ಲ, ನೀರಾಗಿ ನಿಂತೈತಿ, ಅನ್ನ ಆರಾಕತ್ತೈತಿ, ನರಹರಿಯವರು ಪ್ಯಾಕೆಟ್ ತರಾಕ ಚಪ್ಪಲಿ ಮೆಟ್ಟಾಕತ್ತಾರ.

ಹಿಂದಿನ ವರ್ಷದ ಹುಳಿ ಮಾತು ನೆನಪಾತು. ನಾನೂ ಮನುಷ್ಯಾಳ, ಒಂದು ಗಳಿಗಿ ಖುಷಿ ಆತು. ಆಮ್ಯಾಲ ಆ ಹಿತ್ತಾಳಿ ಬಟ್ಟಲಾ ನೆನಪಾತು.

ಹಗಲ ಹೊತ್ತು, ಕೊಡಾಕ ಯಾವ ನೇಮನೂ ಅಡ್ಡ ಇರಲಿಲ್ಲ. ಆದ್ರೂ ನಮ್ಮ ಬಾಗಿಲಾ ತಗದು, ಮೆಟ್ಟಲು ತುಂಬ ಕೇಳೂವಂಗ, "ಏನ್ ಬೆಕ್ಕಿನ ಕಾಟರಿ ಈ ಬಿಲ್ಡಿಂಗಿನಾಗ. ಮೊಸರು ಕಟ್ಟಿ ಮ್ಯಾಲ ಐತಿ, ನಾ ಪೂಜಿಗೆ ಕುಂದರತೀನಿ" ಅಂದೆ. ಹೋಗಿ ದೇವರ ಮುಂದ, ಬಾಗಿಲಿಗೆ ಬೆನ್ನು ಮಾಡಿ ಕುಂತೆ.

ಸ್ವಲ್ಪ ಹೊತ್ತಿಗೆ ಕಾಲುಂಗುರದ ಸಪ್ಪಳ ಆತು. ಅಡಗಿ ಮನ್ಯಾಗ ಸಣ್ಣ ಮುಚ್ಚಳ ತಗದದ್ದು ಕೇಳಿಸ್ತು. ಆಮ್ಯಾಲ ಏನೂ ಸಪ್ಪಳ ಇಲ್ಲ. ನಾ ಕೈ ಮುಗದು, ಉಸರು ಹಿಡದು ಕುಂತೆ.

"ಅಕ್ಕಾರ" ಅಂತು ಬೆಕ್ಕು. "ಈ ಸಲ ಹುಳಿ ಆಗಿಲ್ರಿ."

ನಾ ತಿರುಗಿ ನೋಡಲಿಲ್ಲ.

"ಮುಚ್ಚಳಾ ಆಮ್ಯಾಲ ಮುಚ್ಚುವಂತಿ" ಅಂದೆ. "ಮೊದಲ ಒಲಿ ಮ್ಯಾಲ ಚಾಕ್ಕ ಇಡು. ನಿಂಗೂ ಹಾಕು."