ಒಂಬತ್ತು ಮರಿ, ಇನ್ನೂರು ಅಂಗಿ

ದರ್ಜಿಯ ಹೆಂಡತಿ ನೂಲು, ಗುಂಡಿ ತರಲು ಪೇಟೆಗೆ ಹೋಗಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಲ ಗೋಡೆಯ ಬುಡದಲ್ಲಿ ಒಂಬತ್ತು ಕೋಳಿಮರಿಗಳು ಒಂದಕ್ಕೊಂದು ಒತ್ತಿಕೊಂಡು ಒಂದೇ ಸಮನೆ ಕಿರುಚುತ್ತಿದ್ದವು. ಹೇಂಟೆ ಎಲ್ಲೂ ಇಲ್ಲ. ಒಗೆಯುವ ಕಲ್ಲಿನ ಮೇಲೆ ಕಂದು ಪುಕ್ಕಗಳು ಒದ್ದೆಯಾಗಿ ಅಂಟಿದ್ದವು. ಮನೆಯೊಳಗಿಂದ ಬೆಂದ ಕೋಳಿಯ ವಾಸನೆ ಬರುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಶಾಲೆಯ ಗುಮಾಸ್ತರು ಊಟ ಮಾಡುತ್ತಿದ್ದರು. "ಇನ್ನೊಂದು ತುಂಡು ಹಾಕ್ಕೊಳ್ಳಿ ಸಾರ್, ಸಂಕೋಚ ಬೇಡ" ಎಂದು ದರ್ಜಿ ಬಗ್ಗಿ ಬಡಿಸುತ್ತಿದ್ದ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಅವನ ಕೈಯಲ್ಲಿ ಸೌಟು ನೋಡಿದ್ದು ಅವಳಿಗೆ ಅದೇ ಮೊದಲು.

ಗುಮಾಸ್ತರು ಬೀದಿಯ ತಿರುವು ದಾಟಿದ್ದೇ ಅವಳು ಗಂಡನೆದುರು ಬಂದು ನಿಂತಳು.

"ನಿನ್ನೆಯಷ್ಟೇ ಮರಿ ಮಾಡಿತ್ತು ಅದು."

"ಇನ್ನೂರು ಅಂಗಿ ಕಣೇ! ಇಡೀ ಶಾಲೆ ಯೂನಿಫಾರ್ಮು ನಮಗೇ ಬಂತು. ಮನುಷ್ಯ ಮನೆಗೆ ಬಂದಾಗ ಬರೀ ನೀರು ಕೊಟ್ಟು ಕಳಿಸ್ಲಾ?"

"ಹುಂಜ ಇತ್ತಲ್ಲ?"

"ಅದು ಕೈಗೆ ಸಿಗಬೇಕಲ್ಲ. ಗೋಡೆ ಹಾರಿ ಹೋಯ್ತು. ಇದು ಮರಿ ಬಿಟ್ಟು ಓಡ್ಲಿಲ್ಲ, ಸುಲಭವಾಗಿ ಸಿಕ್ತು."

ಈ ಮಾತು ಕೇಳಿದ್ದೇ ಅವಳ ಮೈಯೆಲ್ಲ ಉರಿದುಹೋಯಿತು. "ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ಕೋಳಿ ಕೊಯ್ಯೋಕೂ ನಿನ್ನ ಅಪ್ಪಣೆ ಬೇಕೇನೇ ಈ ಮನೇಲಿ?"

ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅವಳು ಅವನ ಕಣ್ಣೆದುರಿಗೇ ಗೋಡೆಯಾಚೆಯ ನಾಯಿಗೆ ಸುರಿದಳು. ಆಮೇಲೆ ಗುಂಡಿ ತುಂಬಿದ್ದ ರಟ್ಟಿನ ಪೆಟ್ಟಿಗೆಯನ್ನು ಅವನ ಕುರ್ಚಿಯ ಮೇಲೆ ಬೋರಲು ಹಾಕಿ ಖಾಲಿ ಮಾಡಿ, ತಳಕ್ಕೆ ಬಟ್ಟೆ ಚೂರು ಹಾಸಿ, ಒಂಬತ್ತು ಮರಿಗಳನ್ನೂ ಅದರೊಳಗೆ ಬಿಟ್ಟಳು. ಹೊಲಿಗೆ ಯಂತ್ರದ ಮೇಲೆ ನೇತಾಡುತ್ತಿದ್ದ ಹಳದಿ ಬಲ್ಬನ್ನು ಬಿಚ್ಚಿ ಪೆಟ್ಟಿಗೆಯ ಮೇಲೆ ಇಳಿಬಿಟ್ಟ ಇನ್ನೊಂದು ಹೋಲ್ಡರಿಗೆ ಹಾಕಿದಳು. ಹಳೆಯ ಕಾಲದ ಬಲ್ಬು ಅದು, ಮುಟ್ಟಿದರೆ ಬೆರಳು ಸುಡುತ್ತಿತ್ತು.

"ನನ್ನ ಕಣ್ಣಿಗೆ ಬೆಳಕು?" ಎಂದ ದರ್ಜಿ.

"ಅಂಗಡಿಲಿ ಬಿಳೀ ಬಲ್ಬು ಸಿಗುತ್ತೆ. ತಂದ್ಕೋ."

ಅವಳು "ರೀ" ಅನ್ನುವುದನ್ನೂ "ನೀವು" ಅನ್ನುವುದನ್ನೂ ಅಂದೇ ಬಿಟ್ಟಳು.

ಮರಿಗಳಿಗೆ ನೀರು ಕುಡಿಯಲೂ ಬರುತ್ತಿರಲಿಲ್ಲ. ಒಂದೊಂದನ್ನೇ ಹಿಡಿದು ಕೊಕ್ಕಿನ ತುದಿಯನ್ನು ನೀರಿಗೆ ಅದ್ದಿ ಕಲಿಸಿದಳು. ಬಿದ್ದು ಮುಳುಗದಿರಲೆಂದು ತಟ್ಟೆಯ ತುಂಬ ಬೆಣಚುಕಲ್ಲು ಹಾಕಿದಳು. ಹಿಟ್ಟಿನ ಗಿರಣಿಯಿಂದ ಸಣ್ಣ ನುಚ್ಚು ತಂದು ಚೆಲ್ಲಿ, ಹೇಂಟೆ ಕೊಕ್ಕಿನಿಂದ ತೋರಿಸುವ ಹಾಗೆ ಬೆರಳ ತುದಿಯಿಂದ ಟಕಟಕ ಕುಟ್ಟಿ ತೋರಿಸಿದಳು. ಮೊದಲು ಒಂದು ಬಂತು, ಅದರ ಹಿಂದೆ ಎಲ್ಲವೂ ಮುಗಿಬಿದ್ದವು. ಹಿಂಬದಿಗೆ ಹಿಕ್ಕೆ ಮೆತ್ತಿಕೊಂಡ ಎರಡು ಮರಿಗಳನ್ನು ಬೆಚ್ಚನೆ ನೀರಲ್ಲಿ ಒರೆಸಿದಳು. ಹಳೆಯ ಉಣ್ಣೆಯ ಕೋಟಿನ ತೋಳು ಕತ್ತರಿಸಿ ಪೆಟ್ಟಿಗೆಯಲ್ಲಿ ನೇತುಹಾಕಿದಾಗ ಮರಿಗಳು ಅದರಡಿ ನುಗ್ಗಿ ಗಲಾಟೆ ನಿಲ್ಲಿಸಿದವು. ಆ ಕೋಟು ದರ್ಜಿಯದು.

ವಾರದೊಳಗೆ ಅಂಗಿಗಳ ರಾಶಿ ಮೇಜಿನೆತ್ತರ ಬೆಳೆಯಿತು. ಕತ್ತರಿಸುವುದು, ಹೊಲಿಯುವುದು ದರ್ಜಿಯ ಕೆಲಸ. ಗುಂಡಿ ತೂರುವ ಕಾಜ ಹಾಕಿ, ಗುಂಡಿ ಕೂರಿಸುವುದು ಯಾವತ್ತಿಗೂ ಅವಳ ಕೆಲಸ. ಅವಳ ಕಾಜ ನೂರು ಸಲ ಒಗೆದರೂ ಬಿಚ್ಚುವುದಿಲ್ಲ ಎಂದು ದರ್ಜಿಯೇ ಗಿರಾಕಿಗಳ ಮುಂದೆ ಬೀಗುತ್ತಿದ್ದ. ಈಗ ಅವಳು ಸೂಜಿಯನ್ನು ಮುಟ್ಟಿಯೂ ನೋಡಿರಲಿಲ್ಲ.

"ಕಾಜ ಯಾವಾಗ ಶುರು ಮಾಡ್ತೀಯ?"

"ನನಗೆ ಪುರುಸೊತ್ತಿಲ್ಲ. ಒಂಬತ್ತು ಮಕ್ಕಳ ತಾಯಿ ನಾನು. ನೀನೇ ಮಾಡಿಟ್ಟಿದ್ದು."

"ತಮಾಷೆ ಸಾಕು."

"ನಾನು ನಗ್ತಾ ಇದೀನಾ?"

ಅವನು ತಾನೇ ಒಂದು ಕಾಜ ಹಾಕಲು ಕೂತ. ಅದು ಸೊಟ್ಟಗಾಗಿ ಮೀನಿನ ಬಾಯಿಯಂತೆ ತೆರೆದುಕೊಂಡಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ಗುಂಡಿ ಬೇಡ, ಮಗೂನೇ ಹೊರಗೆ ಬರುತ್ತೆ" ಎಂದು ಅವನ ಮಡಿಲಿಗೆ ಎಸೆದಳು.

ಮೂರು ದಿನ ಬಿಟ್ಟು ಮೋಡ ಕವಿದು ಚಳಿಗಾಳಿ ಬೀಸಿತು. ನುಚ್ಚು ಮುಗಿದಿತ್ತು. ಅವಳು ಗಿರಣಿಗೆ ಹೋದಳು. ಅಲ್ಲಿ ಜನ ತುಂಬಿದ್ದರು, ತಿರುಗಿ ಬರುವಾಗ ಸಂಜೆಯಾಯಿತು. ಬಾಗಿಲಿಗೆ ಬಂದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮರಿಗಳ ಸದ್ದೇ ಇರಲಿಲ್ಲ. ಪೆಟ್ಟಿಗೆಯ ಮೇಲೆ ಬಿಳೀ ಬಲ್ಬು ಉರಿಯುತ್ತಿತ್ತು. ಹಳದಿ ಬಲ್ಬು ಯಂತ್ರದ ಮೇಲಿತ್ತು. ಅದರ ಕೆಳಗೆ ದರ್ಜಿ ಕಾಲರು ಹೊಲಿಯುತ್ತಿದ್ದ. ಉಣ್ಣೆಯ ತೋಳಿನಡಿ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಮೇಲಿನ ಆರು ನಡುಗುತ್ತಿದ್ದವು. ಅಡಿಯಲ್ಲಿದ್ದ ಮೂರು ಸೆಟೆದುಕೊಂಡಿದ್ದವು.

ಅವಳು ಮೊದಲು ಹಳದಿ ಬಲ್ಬನ್ನು ಸೆರಗಿನಲ್ಲಿ ಹಿಡಿದು ಕಿತ್ತು ತಂದು ಪೆಟ್ಟಿಗೆಗೆ ಹಾಕಿದಳು. ಆಮೇಲೆ ಸತ್ತ ಮರಿಗಳನ್ನು ಎತ್ತಿ ತಂದು, ಅವನು ಹೊಲಿಯುತ್ತಿದ್ದ ಬಿಳೀ ಅಂಗಿಯ ಮೇಲೆ ಸಾಲಾಗಿ ಮಲಗಿಸಿದಳು.

"ಬಿಳೀದು ಕಣ್ಣು ಕುಕ್ಕುತ್ತೆ ಅಂತ ಬದಲಾಯಿಸ್ದೆ. ನಾನೇನು ಕತ್ತಲಲ್ಲಿ ಬಿಟ್ಟಿರ್ಲಿಲ್ಲ" ಎಂದ ಅವನು. "ಬಲ್ಬು ಇತ್ತಲ್ಲ. ಉರೀತಾ ಇತ್ತಲ್ಲ."

"ಕೈ ಇಟ್ಟು ನೋಡು ಆ ಬಿಳೀ ಬಲ್ಬಿನ ಮೇಲೆ. ಬಿಸಿ ಇದ್ಯಾ?"

ಅವನು ಕೈ ಇಟ್ಟು ನೋಡಿದ, ಬಿಸಿಯಿರಲಿಲ್ಲ. ಅವನಿಗದು ನಿಜವಾಗಿಯೂ ಹೊಳೆದಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದನೋ ಏನೋ, ಹೊರಗೆ ಬಂದದ್ದು ಬೇರೆ: "ಮೂರು ಮರಿಗೆ ಇಷ್ಟು ರಂಪ! ಇನ್ನೂರು ಅಂಗಿ ಕೂತಿದೆ ಇಲ್ಲಿ."

ಅವಳು ಮರಿಗಳನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹೂತಳು. ಅಂದಿನಿಂದ ಅವನ ತಟ್ಟೆಗೆ ಬಡಿಸುವುದನ್ನೂ ನಿಲ್ಲಿಸಿದಳು. ಅಡುಗೆ ಒಲೆಯ ಮೇಲಿರುತ್ತಿತ್ತು, ಅವನೇ ಹಾಕಿಕೊಂಡು ತಿನ್ನುತ್ತಿದ್ದ.

ಹೇಳಿದ ದಿನಕ್ಕೆ ಸರಿಯಾಗಿ ಗುಮಾಸ್ತರು ಬಂದರು. ರಾಶಿಯಿಂದ ಒಂದು ಅಂಗಿ ಎತ್ತಿದರು, ಇನ್ನೊಂದು ಎತ್ತಿದರು. "ಇದೇನ್ರೀ, ಕಾಜಾನೇ ಇಲ್ಲ? ಮಕ್ಕಳು ಹೊಟ್ಟೆ ಬಿಟ್ಕೊಂಡು ಪಾಠ ಕೇಳ್ಬೇಕಾ?"

ದರ್ಜಿ ಹೆಂಡತಿಯ ಕಡೆ ಕೈ ತೋರಿಸಿದ. "ಇವಳನ್ನ ಕೇಳಿ ಸಾರ್."

ಅವಳು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದೇ ಬಂದಳು. "ಅವತ್ತು ನೀವು ಊಟ ಮಾಡಿದ್ರಲ್ಲ ಸಾರ್, ಅದು ಇದರ ತಾಯಿ. ನಿಮ್ಮ ಆರ್ಡರಿಗೋಸ್ಕರ ಕೊಯ್ದಿದ್ದು. ಅವತ್ತಿಂದ ನನ್ನ ಕೈ ತುಂಬ ಇವೇ."

ಗುಮಾಸ್ತರ ಮುಖ ಕಪ್ಪಿಟ್ಟಿತು. "ನನಗೋಸ್ಕರಾನಾ? ಅಮ್ಮಾ, ಆರ್ಡರು ನಿಮಗೇ ಅಂತ ಹಿಂದಿನ ತಿಂಗಳೇ ಬರೆದಾಗಿತ್ತು. ಈ ಕಡೆ ಬೇರೆ ದರ್ಜಿ ಯಾರಿದ್ದಾರೆ? ನಾನು ಅಳತೆ ಪಟ್ಟಿ ಕೊಡೋಕೆ ಬಂದಿದ್ದೆ ಅಷ್ಟೆ. ಅವತ್ತು ಹೊಟ್ಟೆ ಬೇರೆ ಕೆಟ್ಟಿತ್ತು. ಬೇಡ ಬೇಡ ಅಂದ್ರೂ ಇವರು ಕೇಳ್ಲಿಲ್ಲ."

ದರ್ಜಿ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ. ಅವಳು ನಕ್ಕಳು. ಹದಿನೈದು ದಿನಗಳಲ್ಲಿ ಮೊದಲ ಸಲ ನಕ್ಕಳು. ಆದರೆ ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಎರಡು ವಾರ ಕೊಡಿ ಸಾರ್" ಎಂದಳು ಗುಮಾಸ್ತರಿಗೆ. "ಕಾಜ ಹಾಕಿ ಕೊಡ್ತೀನಿ. ಮಕ್ಕಳು ಏನು ತಪ್ಪು ಮಾಡಿದ್ದಾವೆ?" ಆಮೇಲೆ ಗಂಡನ ಕಡೆ ತಿರುಗಿದಳು. "ನಿನಗೋಸ್ಕರ ಅಂದ್ಕೋಬೇಡ. ಇನ್ನೊಂದು ಸಲ ಆ ಬಲ್ಬು ಮುಟ್ಟಿದ್ರೆ ಅರ್ಧ ಹಾಕಿದ ಕಾಜಾನೂ ಬಿಚ್ಚಿ ಹಾಕ್ತೀನಿ."

ಅವಳು ಪೆಟ್ಟಿಗೆಯ ಪಕ್ಕದಲ್ಲೇ ಕೂತು ಕಾಜ ಹಾಕಿದಳು. ದರ್ಜಿ ಅವಳಿಗೆ ಬೆನ್ನು ಮಾಡಿ ಬೇರೆ ಗಿರಾಕಿಗಳ ಪ್ಯಾಂಟು ಹೊಲಿದ. ಇಬ್ಬರ ನಡುವೆ "ನೂಲು", "ಇಗೋ", "ಕತ್ತರಿ", "ಅಲ್ಲಿದೆ" ಇಷ್ಟೇ ಮಾತು. ಒಮ್ಮೆ ಒಂದು ಮರಿ ಪೆಟ್ಟಿಗೆಯಿಂದ ಹಾರಿ ಅವನ ಪಾದದ ಮೇಲೆ ಬಂದು ಕೂತಿತು. ಅವನು ಯಂತ್ರ ತುಳಿಯುವುದನ್ನು ನಿಲ್ಲಿಸಿದ. ಮರಿ ಇಳಿದು ಹೋಗುವ ತನಕ ಕಾಲು ಅಲ್ಲಾಡಿಸಲಿಲ್ಲ. ಅವಳು ನೋಡಿದಳು. ನೋಡಿ, ಮುಂದಿನ ಕಾಜಕ್ಕೆ ಸೂಜಿ ಚುಚ್ಚಿದಳು. ಅಷ್ಟಕ್ಕೆಲ್ಲ ಕರಗಿಬಿಡುವ ಸಿಟ್ಟಾಗಿರಲಿಲ್ಲ ಅದು.

ಅಂಗಿಗಳು ಶಾಲೆಗೆ ಹೋದವು. ಆರೂ ಮರಿಗಳಿಗೆ ರೆಕ್ಕೆ ಬಲಿತು, ಹಿತ್ತಲಿಗೆ ಹೋಗುವಂತಾದವು. ಬಡಗಿಯನ್ನು ಕರೆಸಿ ಅವಳು ಗಟ್ಟಿಯಾದ ಗೂಡು ಮಾಡಿಸಿದಳು. ಅದಕ್ಕೆ ಹಿತ್ತಾಳೆಯ ಬೀಗ ಜಡಿದು, ಕೀಲಿಯನ್ನು ಕಾಜದ ನೂಲಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಮುಖ ತೊಳೆಯಲು ಬಂದ ದರ್ಜಿ ಅದನ್ನು ಕಂಡ. "ನನ್ನ ಮನೇಲಿ ನನಗೇ ಬೀಗಾನಾ?"

"ಹೂಂ" ಎಂದಳು ಅವಳು.

ಅವನು ಮುಖ ಒರೆಸಿಕೊಂಡು ಒಳಗೆ ಹೋಗಿ ಯಂತ್ರಕ್ಕೆ ನೂಲು ಪೋಣಿಸಿದ.